ಗುಡ್ಡ ಹತ್ತದ ನೀರು ಮತ್ತು ಒಂದು ಫ್ರಿಕ್ಷನ್ ಫ್ಯಾಕ್ಟರ್

ಕೋವಿಡ್ ಮುಗಿದು ತರಗತಿಗಳು ಮತ್ತೆ ಭರ್ತಿಯಾದ ವರ್ಷ. ಕಾಸರಗೋಡು ಸಮೀಪದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನಾನು ಮೆಕ್ಯಾನಿಕಲ್ ವಿಭಾಗದ ಅಸೋಸಿಯೇಟ್ ಪ್ರೊಫೆಸರ್ ಆಗಿದ್ದೆ. ದ್ರವಗಳ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಕಂಪ್ಯುಟೇಶನಲ್ ಫ್ಲೂಯಿಡ್ ಡೈನಾಮಿಕ್ಸ್, ಚಿಕ್ಕದಾಗಿ ಸಿ.ಎಫ್.ಡಿ., ನನ್ನ ವಿಷಯ. ಹದಿನೈದು ವರ್ಷ ಅದನ್ನು ಕಲಿಸಿದ್ದೆ. ಅದರಿಂದ ಯಾರ ಮನೆಯ ಕೊಡವೂ ತುಂಬಿರಲಿಲ್ಲ.

ಬೇಸಿಗೆ ಶುರುವಾಗುವ ಹೊತ್ತಿಗೆ ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಸುಮತಿ ಕಾಲೇಜಿಗೆ ಬಂದರು. ಪೈವಳಿಕೆಯ ಗುಡ್ಡವೊಂದರ ಮೇಲಿನ ನಲವತ್ತು ಮನೆಗಳ ನೀರಿನ ಸಮಿತಿಗೆ ಅವರು ಕಾರ್ಯದರ್ಶಿ. ಕೆಳಗಿನ ಬೋರ್‌ವೆಲ್‌ನಿಂದ ಗುಡ್ಡದ ಟ್ಯಾಂಕಿಗೆ ಕಪ್ಪು ಪ್ಲಾಸ್ಟಿಕ್ ಪೈಪು ಹಾಕಿ ಇನ್ನೂ ವರ್ಷ ತುಂಬಿರಲಿಲ್ಲ. ಟ್ಯಾಂಕಿಗೆ ಬರಬೇಕಾದ ನೀರಿನ ಮೂರನೇ ಎರಡು ಪಾಲು ಮಾತ್ರ ಬರುತ್ತಿತ್ತು. ತುದಿಯ ಮನೆಗಳ ನಳ್ಳಿ ಒಣಗಿತ್ತು.

"ಹೊಸ ಪಂಪು, ಹೊಸ ಪೈಪು, ನೀರು ಮಾತ್ರ ಇಲ್ಲ ಟೀಚರೇ" ಎಂದರು ಸುಮತಿ. "ಈಗ ದೊಡ್ಡ ಪಂಪು ಇಡುವ ಅಂತ ಹೇಳ್ತಿದ್ದಾರೆ. ಅದಾದರೂ ಸರಿ ಆಗ್ತದಾ?"

ಆಗುತ್ತದೆ ಎನ್ನಲು ನನಗೆ ಧೈರ್ಯ ಬರಲಿಲ್ಲ. ದೊಡ್ಡ ಪಂಪಿನ ಒತ್ತಡವನ್ನು ಗುಡ್ಡದ ಬುಡದ ಪೈಪು ತಾಳದೆ ಒಡೆದರೆ, ಬರುತ್ತಿದ್ದ ನೀರೂ ನಿಲ್ಲುತ್ತಿತ್ತು.

ಆ ಶನಿವಾರವೇ ಹೋದೆ. ಪೈಪು ಹಾಕಿದ ಗುತ್ತಿಗೆದಾರ ರಾಜೀವ ಜತೆಗೆ ಬಂದರು. ಪಂಪನ್ನು ಪರೀಕ್ಷಿಸಿದೆವು, ಸರಿಯಾಗಿತ್ತು. ಲೈನಿನ ಬುಡ, ನಡು, ತುದಿಯಲ್ಲಿ ಪ್ರೆಶರ್ ಗೇಜ್ ಕೂರಿಸಿದೆವು. ನೀರು ಪೈಪಿನ ಗೋಡೆಗೆ ಉಜ್ಜಿಕೊಂಡು ಹರಿಯುವಾಗ ಒತ್ತಡ ಕಳೆದುಕೊಳ್ಳುತ್ತದೆ. ಆ ಉಜ್ಜಾಟ ಎಷ್ಟೆಂದು ಹೇಳುವ ಸಂಖ್ಯೆಯೇ ಫ್ರಿಕ್ಷನ್ ಫ್ಯಾಕ್ಟರ್. ಲೈನಿನ ಕೆಳ ಅರ್ಧದಲ್ಲಿ ಅದು 0.019 ಬಂತು. ನುಣುಪಾದ ಪೈಪಿಗೆ ಪುಸ್ತಕ ಹೇಳುವುದೂ ಅಷ್ಟೇ. ಮೇಲಿನ ಅರ್ಧದಲ್ಲಿ 0.037! ಅದೇ ಕಂಪೆನಿಯ, ಅದೇ ಅಳತೆಯ ಪೈಪಿನಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು. ಒಳಗೋಡೆ ಮರಳುಕಾಗದದಷ್ಟು ಒರಟಾಗಿದ್ದರೆ ಮಾತ್ರ ಅಂಥ ಸಂಖ್ಯೆ ಬರಬೇಕು. ಹೊಸ ಪ್ಲಾಸ್ಟಿಕ್ ಎಲ್ಲಿಂದ ಹಾಗಾಗುತ್ತದೆ?

"ಪೈಪಿನಲ್ಲಿ ಎಂತದೂ ತೊಂದರೆ ಇಲ್ಲ ಮೇಡಂ" ಎಂದರು ರಾಜೀವ. "ಲೀಕ್ ಉಂಟಾ ನೋಡಿ, ಒಂದು ಹನಿ ಇಲ್ಲ."

ಲೀಕ್ ಇರಲಿಲ್ಲ, ನಿಜ. ಆದರೆ ಗುಡ್ಡದ ಮೇಲೆ ಮುರಕಲ್ಲಿನ ಗಟ್ಟಿ ನೆಲವನ್ನು ಅಗೆಯಲಾಗದೆ ಪೈಪನ್ನು ನೆಲದ ಮೇಲೆಯೇ ಹಾಯಿಸಿದ್ದರು. ಅಲ್ಲಿ ನಡೆಯುತ್ತಿದ್ದಾಗ ಜಾಯಿಂಟುಗಳು ಕಣ್ಣಿಗೆ ಬಿದ್ದವು. ಆರಾರು ಮೀಟರಿನ ತುಂಡುಗಳ ತುದಿಗಳನ್ನು ಬಿಸಿ ತಟ್ಟೆಗೆ ಹಿಡಿದು, ಕರಗಿಸಿ, ಒಂದಕ್ಕೊಂದು ಒತ್ತಿ ಬೆಸೆಯುತ್ತಾರೆ. ಕರಗಿದ ಪ್ಲಾಸ್ಟಿಕ್ ಹೊರಗೆ ಉಬ್ಬಿ ಬಳೆಯಂತೆ ನಿಲ್ಲುತ್ತದೆ. ಕೆಳಗೆ ಗೇಜ್ ಕೂರಿಸಲು ಅಗೆದಾಗ ಕಂಡ ಜಾಯಿಂಟುಗಳಲ್ಲಿ ಆ ಬಳೆ ತೆಳ್ಳಗಿತ್ತು, ಇಲ್ಲಿ ದಪ್ಪ. ಹೊರಗೆ ಇಷ್ಟು ಉಬ್ಬಿದ್ದರೆ ಒಳಗೆ? ಬಳೆ ಎಷ್ಟು ಉಬ್ಬಿದೆ ಎಂದು ಅಳೆದೆ. ಎಂಟು ಮಿಲಿಮೀಟರ್.

ಸೋಮವಾರ ಲ್ಯಾಬಿನಲ್ಲಿ ಒಂದೇ ಒಂದು ಜಾಯಿಂಟಿನ ಮಾದರಿ ಕಟ್ಟಿದೆ. ಸಿ.ಎಫ್.ಡಿ.ಯಲ್ಲಿ ಪೈಪಿನೊಳಗಿನ ಜಾಗವನ್ನು ಲಕ್ಷಾಂತರ ಪುಟ್ಟ ಕೋಶಗಳಾಗಿ ಹೆಚ್ಚುತ್ತೇವೆ. ಒಂದೊಂದು ಕೋಶದಲ್ಲೂ ನೀರಿನ ವೇಗ, ಒತ್ತಡಗಳನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಈ ಕೋಶಗಳ ಬಲೆಗೆ ಮೆಶ್ ಎಂದು ಹೆಸರು. ಮೊದಲು ಬಳೆಯಿಲ್ಲದ ಪೈಪಿನ ಲೆಕ್ಕ ಓಡಿಸಿದೆ, 0.019. ಲೆಕ್ಕವನ್ನು ನಂಬಬಹುದು ಎಂದಾಯಿತು. ಎಂಟು ಮಿಲಿಮೀಟರ್ ಬಳೆಯನ್ನು ಒಳಗೆ ಇಟ್ಟು ಓಡಿಸಿದರೆ 0.025. ಗುಡ್ಡದಲ್ಲಿ ಅಳೆದದ್ದು 0.037, ಸಾಲದು! ಮುಖ ಸಪ್ಪಗಾಯಿತು. ಮತ್ತೆ ಚಿತ್ರ ನೋಡಿದೆ. ಬಳೆಯ ಹಿಂದೆ ನೀರು ಸುಳಿ ತಿರುಗಬೇಕಾದ ಜಾಗದಲ್ಲಿ ನನ್ನ ಕೋಶಗಳು ದೊಡ್ಡದಾಗಿದ್ದವು, ಸುಳಿಯೇ ಅವುಗಳೊಳಗೆ ಮಾಯವಾಗಿತ್ತು. ಅಲ್ಲಿ ಮೆಶ್ ಸಣ್ಣದು ಮಾಡಿದೆ, 0.033. ಇನ್ನೂ ಸಣ್ಣದು ಮಾಡಿದೆ, 0.036. ಅದಕ್ಕಿಂತಲೂ ಸಣ್ಣದು ಮಾಡಿದಾಗ ಸಂಖ್ಯೆ ಕದಲಲಿಲ್ಲ. ಪರದೆಯ ಮೇಲೆ ಬಳೆಯ ಬೆನ್ನಿಗೆ ಕೆಂಪು ನೀಲಿ ಸುಳಿಗಳು. ನಾನು "ಸಿಕ್ಕಿತು!" ಎಂದು ಕೂಗಿದ್ದಕ್ಕೆ ಪಕ್ಕದ ಕೋಣೆಯ ಸಹೋದ್ಯೋಗಿಗಳು ಓಡಿ ಬಂದರು.

ಆದರೆ ಪರದೆಯ ಸುಳಿಗಳಿಂದ ಸಮಿತಿ ಒಪ್ಪುತ್ತದೆಯೇ? ಒಂದು ಜಾಯಿಂಟ್ ಕತ್ತರಿಸಿ ನೋಡೋಣ ಎಂದೆ. ಸಮಿತಿಯ ಸಭೆಯಲ್ಲಿ ಗದ್ದಲವಾಯಿತು. ಕತ್ತರಿಸಿದರೆ ಅಂದು ಇದ್ದ ನೀರೂ ನಿಲ್ಲುತ್ತದೆ. ಕೊನೆಗೆ ಸುಮತಿ ಎದ್ದು ನಿಂತರು.

"ಹೇಗೂ ನಮ್ಮ ಮನೆಗೆ ಬರುವುದಿಲ್ಲ. ಒಂದು ದಿನ ಎಲ್ಲರಿಗೂ ಇಲ್ಲದಿದ್ದರೆ ಎಂತ ಆಗ್ತದೆ? ಕತ್ತರಿಸಿ ಮಾರಾಯ್ರೆ."

ಮರುದಿನ ಬೆಳಿಗ್ಗೆ ಗುಡ್ಡದ ಮೇಲೆ ಊರೇ ಸೇರಿತ್ತು. ಗರಗಸ ಓಡಿಸಿದವರು ರಾಜೀವರೇ. ನನ್ನ ಲೆಕ್ಕ ತಪ್ಪಿದ್ದರೆ ಒಳ್ಳೆಯ ಪೈಪು ಕತ್ತರಿಸಿಹಾಕಿದ ಟೀಚರ್ ಎಂಬ ಹೆಸರು ಗಟ್ಟಿ. ತುಂಡು ಬೇರೆಯಾಯಿತು. ಅವರು ಒಳಗೆ ಬೆರಳು ಹಾಕಿ ಸುತ್ತ ತಿರುಗಿಸಿದರು. ಒಳಗೂ ಅಷ್ಟೇ ದಪ್ಪದ ಬಳೆ ಬೆರಳಿಗೆ ತಡೆಯಿತು.

"ತಟ್ಟೆ ಜಾಸ್ತಿ ಬಿಸಿಯಾಗಿದೆ, ಜಾಸ್ತಿ ಒತ್ತಿದ್ದಾರೆ" ಎಂದರು ಆಮೇಲೆ. "ಮೇಲಿನದ್ದು ಮುಗಿಸುವ ಗಡಿಬಿಡಿಯಲ್ಲಿ ಬೇರೆ ಮೆಶಿನ್ ತಂದಿದ್ದೆವು. ನಾನೇ ಮಾಡಿ ಕೊಡ್ತೇನೆ ಮೇಡಂ."

ತುಂಡು ಕೈಯಿಂದ ಕೈಗೆ ಹೋಯಿತು. ಎಲ್ಲರೂ ಬೆರಳು ಹಾಕಿ ನೋಡಿದರು, ಮಕ್ಕಳೂ.

ಮೇಲಿನ ಅರ್ಧದ ಜಾಯಿಂಟುಗಳನ್ನೆಲ್ಲ ಕತ್ತರಿಸಿ, ಹೊಸದಾಗಿ ಬೆಸೆದು, ಈ ಸಲ ಒಳಗಿನ ಬಳೆಯನ್ನೂ ಕೆತ್ತಿ ತೆಗೆದರು. ಪಂಪು ಮೊದಲಿನದೇ. ಮೊದಲ ಬಾರಿ ಟ್ಯಾಂಕು ತುಂಬಿ ಹೊರಚೆಲ್ಲಿದ ದಿನ ಸುಮತಿ ಫೋನ್ ಮಾಡಿದರು. ಹಿಂದಿನಿಂದ ಹೆಂಗಸರ ನಗು, ನೀರು ಸಿಮೆಂಟಿಗೆ ಬಡಿಯುವ ಸದ್ದು, ಅವರ ಮಾತು ಅರ್ಧವೂ ಕೇಳಿಸಲಿಲ್ಲ. ನಾನೂ ಇತ್ತ ತರಗತಿಯ ಬಾಗಿಲಲ್ಲಿ ನಿಂತು ಸುಮ್ಮನೆ ನಗುತ್ತಿದ್ದೆ.

ಪುಸ್ತಕದ ಪೈಪಿಗೆ ಜಾಯಿಂಟುಗಳಿರುವುದಿಲ್ಲ, ಗುಡ್ಡದ ಪೈಪಿಗೆ ಆರು ಮೀಟರಿಗೊಂದು ಇರುತ್ತದೆ. ಕಂಪ್ಯೂಟರ್ ನಾವು ಕೇಳಿದ ಪೈಪಿಗೆ ಉತ್ತರ ಕೊಡುತ್ತದೆ. ಯಾವ ಪೈಪಿನ ಬಗ್ಗೆ ಕೇಳಬೇಕೆಂದು ತಿಳಿಯಲು ನಾನು ಗುಡ್ಡ ಹತ್ತಬೇಕಾಯಿತು.