ಗಿರಣಿಗಿಂತ ಜೋರಾಗಿ ಓದು!

ಸಾರಕ್ಕಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸೊಪ್ಪಿನ ಗಾಡಿಗಳು ಬಂದು ನಿಲ್ಲುವ ಹೊತ್ತಿಗೆ ಬಸವಲಿಂಗಮ್ಮ ತಮ್ಮ ಹಿಟ್ಟಿನ ಗಿರಣಿಯ ಷಟರ್ ಎತ್ತುತ್ತಾರೆ. ಸೆರಗನ್ನು ಸೊಂಟಕ್ಕೆ ಬಿಗಿದು, ತಲೆಗೊಂದು ಹಳೇ ಟವೆಲ್ ಸುತ್ತಿ, ಬೆಲ್ಟನ್ನು ಒಮ್ಮೆ ಕೈಯಲ್ಲಿ ಎಳೆದು ನೋಡುತ್ತಾರೆ. ಸಡಿಲವಾಗಿದ್ದರೆ ಅದಕ್ಕೂ ಬೈಗುಳ ತಪ್ಪಿದ್ದಲ್ಲ. ಸ್ವಿಚ್ ಒತ್ತಿದರೆ ಮುಗಿಯಿತು, ಓಣಿಯೆಲ್ಲ ಗಡಗಡ. ಪಕ್ಕದಲ್ಲೇ ನಿಂತವರ ಮಾತೂ ಕೇಳಿಸದು. ಆರು ವರ್ಷದಿಂದ ಇಲ್ಲಿ ಹಿಟ್ಟಿನ ಜೊತೆಗೆ ನಡೆಯುತ್ತಿರುವ ಇನ್ನೊಂದು ಕೆಲಸಕ್ಕೆ ಆ ಗದ್ದಲವೇ ಬೇಕಾಗಿತ್ತು.

ಬೆಳಗ್ಗೆ ಹೋಟೆಲಿನವರ ಅಕ್ಕಿ, ಮಧ್ಯಾಹ್ನ ಮನೆಗಳ ರಾಗಿ, ಗೋಧಿ. ದಿನಕ್ಕೆ ಎರಡು ಕ್ವಿಂಟಲ್ ಆದರೆ ಒಳ್ಳೆಯ ದಿನ. ನಾಲ್ಕು ಗಂಟೆಗೆ ಡಬ್ಬ ಹೊತ್ತ ಹುಡುಗಿಯರು ಬರುತ್ತಾರೆ. ಒಬ್ಬಳು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಇನ್ನೊಬ್ಬಳು ತಮ್ಮನನ್ನು ಎತ್ತಿಕೊಳ್ಳಲು ಮನೆಯಲ್ಲಿ ಬೇಕೆಂದು ಶಾಲೆ ಬಿಡಿಸಿಕೊಂಡವಳು. ಮತ್ತೊಬ್ಬಳು ಶಾಲೆಯ ಮುಖವನ್ನೇ ಕಂಡವಳಲ್ಲ. ಹಿಟ್ಟು ಆಗುವವರೆಗೆ ಅವರೆಲ್ಲ ಗೋಣಿಚೀಲದ ಮೇಲೆ ಕೂತು ಓದುತ್ತಾರೆ, ಬರೆಯುತ್ತಾರೆ. ಹಿಟ್ಟು ಆಗುವುದು ಮಾತ್ರ ಬಹಳ ನಿಧಾನ!

"ಎಲ್ಲಿಗೂ ಕಳಿಸದ ಮನೆಯವ್ರೂ ಹಿಟ್ಟಿನ ಮಿಷನ್‌ಗೆ ಕಳಿಸ್ತಾರೆ ಕಣಮ್ಮಾ," ಎನ್ನುತ್ತಾರೆ ಬಸವಲಿಂಗಮ್ಮ. "ಟ್ಯೂಷನ್‌ಗೆ ಅಂದ್ರೆ ಅಪ್ಪ ಬೇಡ ಅಂತಾನೆ, ಫ್ರೆಂಡ್ ಮನೆಗೆ ಅಂದ್ರೆ ಅಮ್ಮ ಬೇಡ ಅಂತಾಳೆ. ರಾಗಿ ಬೀಸಿಸ್ಕೊಂಡು ಬರ್ತೀನಿ ಅಂದ್ರೆ ಯಾರು ಬೇಡ ಅಂತಾರೆ? ರಾತ್ರಿಗೆ ಮುದ್ದೆ ಬೇಡ್ವಾ?"

ಇದು ಶುರುವಾದದ್ದು ಒಂದು ಡಬ್ಬದಿಂದ. ಕಟ್ಟಡ ಕೆಲಸದವರ ಶೆಡ್ಡಿನ ಹುಡುಗಿಯೊಬ್ಬಳು ಅವಸರದಲ್ಲಿ ಬೇರೆಯವರ ಗೋಧಿಹಿಟ್ಟು ಹೊತ್ತುಕೊಂಡು ಹೋದಳು. ಡಬ್ಬದ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಬರೆದಿತ್ತು, ಪಾಪ, ಅವಳಿಗೆ ಓದಲು ಬರುತ್ತಿರಲಿಲ್ಲ. ಮನೆಯಲ್ಲಿ ಏಟು ತಿಂದು, ಕೆನ್ನೆ ಊದಿಸಿಕೊಂಡು ಡಬ್ಬ ವಾಪಸು ತಂದಳು. ಬಸವಲಿಂಗಮ್ಮನ ಹೊಟ್ಟೆ ಉರಿದುಹೋಯಿತು. ಅವತ್ತೇ ಅವಳನ್ನು ಕೂರಿಸಿ, ಅವಳ ಹೆಸರನ್ನು ಅವಳ ಕೈಯಿಂದಲೇ ಡಬ್ಬದ ಮೇಲೆ ಬರೆಸಿದರು.

ಆ ಉರಿಗೆ ಹಳೆಯ ಕಾರಣವೂ ಇದೆ. ಕೊಟ್ಟೂರಿನ ಹತ್ತಿರದ ಹಳ್ಳಿಯಲ್ಲಿ ಬಸವಲಿಂಗಮ್ಮನ ಓದು ಏಳನೇ ಕ್ಲಾಸಿಗೆ ನಿಂತಿತು, ಹದಿನೈದಕ್ಕೆ ಮದುವೆಯಾಯಿತು. ಗಂಡ ಕೊಟ್ರಪ್ಪನ ಜೊತೆ ಸಾರಕ್ಕಿಗೆ ಬಂದರು. "ಮೆಲ್ಲಗೆ ಮಾತಾಡು, ಮೆಲ್ಲಗೆ ನಗು ಅಂತ ಅತ್ತೆ ದಿನಾ ಹೇಳೋರು. ಈ ಮಿಷನ್ ಪಕ್ಕ ನಿಂತ ಮೇಲೆ ಮೆಲ್ಲಗೆ ಮಾತಾಡಿದ್ರೆ ವ್ಯಾಪಾರ ಆಗುತ್ತಾ? ನಂಗೆ ಗಂಟಲು ಬಂದಿದ್ದೇ ಇಲ್ಲಿ," ಎಂದು ನಗುತ್ತಾರೆ. ಹಿಟ್ಟಿನ ಧೂಳಿಗೆ ಕೆಮ್ಮು ಹತ್ತಿಸಿಕೊಂಡಿರುವ ಕೊಟ್ರಪ್ಪ ಈಗ ತಕ್ಕಡಿಯ ಹತ್ತಿರ ಕೂರುತ್ತಾರೆ. "ಇವಳ ಬಾಯಿಗೆ ಬೀಗ ಹಾಕಕ್ಕೆ ಬಂದೋರೆಲ್ಲ ಬೀಗ ಕಳ್ಕೊಂಡು ಹೋಗಿದಾರೆ ಬಿಡಿ," ಎಂದು ಹೆಂಡತಿಗೆ ಕೇಳಿಸುವಂತೆಯೇ ಹೇಳುತ್ತಾರೆ.

ಜಯನಗರದ ನಿವೃತ್ತ ಟೀಚರ್ ಕಾತ್ಯಾಯಿನಿ ತಮ್ಮ ಮಹಿಳಾ ಸಂಘದ ಕಡೆಯಿಂದ ವಾರಕ್ಕೆರಡು ದಿನ ಪುಸ್ತಕ ಹೊತ್ತು ತರುತ್ತಾರೆ. ಸಂಘದ ಹಾಲ್ ಇದೆ, ಫ್ಯಾನ್ ಇದೆ, ಅಲ್ಲಿಗೇ ಬನ್ನಿ ಎಂದು ಮೊದಮೊದಲು ಕರೆದಿದ್ದರು. ಹಾಲಿಗೆ ಯಾವ ಹುಡುಗಿಯನ್ನೂ ಮನೆಯವರು ಕಳಿಸುವುದಿಲ್ಲ ಎಂಬುದು ಅರ್ಥವಾದ ಮೇಲೆ ಕಿವಿಗೆ ಹತ್ತಿ ಇಟ್ಟುಕೊಂಡು ಗೋಣಿಚೀಲದ ಮೇಲೇ ಕೂತರು.

ಇಲ್ಲಿನ ಪಾಠಕ್ಕೆ ಒಂದೇ ಕಟ್ಟಳೆ. ಪ್ರತಿಯೊಬ್ಬಳೂ ಬಂದ ದಿನವೆಲ್ಲ ಒಂದು ಸ್ವಂತ ಮಾತು ಬರೆಯಬೇಕು, ಮನೆಯಲ್ಲಿ ಹೇಳಲಾಗದ ಮಾತು. ಅದನ್ನು ಗಿರಣಿಗಿಂತ ಜೋರಾಗಿ ಓದಬೇಕು. 'ತಮ್ಮನಿಗೆ ಮೊಟ್ಟೆ, ನನಗೆ ಬರೀ ಸಾರು.' 'ನನಗೂ ಸೈಕಲ್ ಬೇಕು.' ಗಂಟಲು ಹರಿಯುವಂತೆ ಕೂಗಿದರೂ ಸದ್ದು ಓಣಿಗೆ ಬೀಳುತ್ತಿರಲಿಲ್ಲ, ಬೀಸುವ ಕಲ್ಲು ಎಲ್ಲವನ್ನೂ ನುಂಗಿಕೊಳ್ಳುತ್ತಿತ್ತು. ಹೀಗೆ ಐದು ವರ್ಷ ಯಾರಿಗೂ ಒಂದು ಪಿಸುಮಾತೂ ತಿಳಿಯಲಿಲ್ಲ. ಹುಡುಗಿಯರ ಗಂಟಲು ಯಾಕೋ ದೊಡ್ಡದಾಗಿದೆ ಎಂದು ತಾಯಂದಿರು ಗೊಣಗಿದ್ದು ಬಿಟ್ಟರೆ, ಎಲ್ಲ ಸುಸೂತ್ರ.

ಹೋದ ವರ್ಷ ಬೇಸಿಗೆಯಲ್ಲಿ ಒಂದು ಸಂಜೆ ಕರೆಂಟು ಹೋಯಿತು.

ಎದುರಿಗೆ ಎಳನೀರು ಗಾಡಿ ಇಟ್ಟುಕೊಂಡಿರುವ ಬೈರಣ್ಣನ ಮಗಳು ಸಿರಿ ಆಗ ಓದುತ್ತಿದ್ದಳು. ಹದಿನಾರು ವರ್ಷ. ವಸಂತಪುರದಲ್ಲಿ ಆಟೋ ಓಡಿಸುವ ಸೋದರಮಾವ ಶಶಿಧರನಿಗೆ ಅವಳನ್ನು ಕೊಡುವುದೆಂದು ಮನೆಯಲ್ಲಿ ಮಾತು ಮುಗಿದಿತ್ತು. ಕಣ್ಣು ಮುಚ್ಚಿಕೊಂಡು ಕೂಗುತ್ತಿದ್ದ ಹುಡುಗಿಗೆ ಕಲ್ಲು ನಿಂತದ್ದು ಗೊತ್ತಾಗಲೇ ಇಲ್ಲ. "...ನನ್ನನ್ನು ಯಾರೂ ಕೇಳಲಿಲ್ಲ! ಕೇಳಿದ್ದರೆ, ಶಶಿ ಮಾಮ ಬೇಡ ಅನ್ನುತ್ತಿದ್ದೆ!"

ಅಯ್ಯೋ! ಸೊಪ್ಪು ಕೊಳ್ಳುವವರು, ಟೀ ಕುಡಿಯುವವರು, ಗಿರಣಿಯ ಮೇಲಿನ ಮಹಡಿಯಲ್ಲಿದ್ದ ಕಟ್ಟಡದ ಮಾಲೀಕ ಗುರುಶಾಂತಪ್ಪ, ಎಲ್ಲರಿಗೂ ಕೇಳಿಸಿತು. ಬೈರಣ್ಣ ಅರ್ಧ ಕೆತ್ತಿದ ಎಳನೀರನ್ನು ಗಾಡಿಯ ಮೇಲಿಟ್ಟು ಬಂದು, ಮಗಳ ರಟ್ಟೆ ಹಿಡಿದು ಎಳೆದುಕೊಂಡು ಹೋದ. ರಾಗಿ ಗಿರಣಿಯಲ್ಲೇ ಉಳಿಯಿತು.

ಅವತ್ತೇ ಗುರುಶಾಂತಪ್ಪ ಕೆಳಗಿಳಿದು ಬಂದರು. "ಬಸವಲಿಂಗಮ್ನೋರೇ, ಹಿಟ್ಟು ಬೀಸಕ್ಕೆ ಅಂತ ಅಂಗಡಿ ಕೊಟ್ಟಿದ್ದು, ಮನೆ ಮುರಿಯಕ್ಕಲ್ಲ. ನಾಳೆಯಿಂದ ಇದನ್ನೆಲ್ಲ ನಿಲ್ಸಿ. ಇಲ್ಲ, ಖಾಲಿ ಮಾಡಿ."

"ಆಯ್ತು ಸಾರ್, ನಿಲ್ಲಿಸ್ತೀನಿ," ಎಂದರು ಬಸವಲಿಂಗಮ್ಮ. ಹುಡುಗಿಯರ ಮುಖ ಸಪ್ಪೆಯಾಯಿತು. ಒಬ್ಬಳಂತೂ ಅತ್ತೇಬಿಟ್ಟಳು.

ಮರುದಿನ ಬೆಳಗ್ಗೆ ಬಸವಲಿಂಗಮ್ಮ ಸಿರಿಯ ರಾಗಿಹಿಟ್ಟಿನ ಡಬ್ಬವನ್ನು ಸೊಂಟಕ್ಕೇರಿಸಿಕೊಂಡು ಎಳನೀರು ಗಾಡಿಯ ಮುಂದೆ ಹೋಗಿ ನಿಂತರು. ಗಿರಾಕಿಗಳಿದ್ದರು. ಇರಲಿ ಎಂದೇ ಆ ಹೊತ್ತು ನೋಡಿ ಹೋಗಿದ್ದರು.

"ನಮ್ ಹುಡುಗಿ ತಲೆ ಕೆಡಿಸಿದ್ದು ಸಾಕು, ಹೋಗಕ್ಕಾ," ಎಂದ ಬೈರಣ್ಣ.

"ಅಕ್ಷರ ನಂದು ಬೈರಣ್ಣ, ಮಾತು ಅವಳ್ದೇ. ಬೇಕಾದ್ರೆ ನೀನೇ ಕೇಳು, ಇದುವರೆಗೂ ಕೇಳಿಲ್ವಲ್ಲ! ಇನ್ನೊಂದ್ ವಿಷ್ಯ. ಹದಿನೆಂಟು ತುಂಬೋ ಮುಂಚೆ ಅವಳ ಕತ್ತಿಗೆ ತಾಳಿ ಬಿದ್ರೆ ಪೊಲೀಸ್ರಿಗೆ ಫೋನ್ ಮಾಡೋಳು ನಾನೇ. ಹಿಂದಿನಿಂದ ಮಾಡಿದ್ಲು ಅನ್ಬೇಡ, ಎದುರಿಗೇ ಹೇಳ್ತಾ ಇದೀನಿ."

ಡಬ್ಬ ಗಾಡಿಯ ಮೇಲಿಟ್ಟು ವಾಪಸು ಬಂದು ಗಿರಣಿಯ ಸ್ವಿಚ್ ಒತ್ತಿದರಂತೆ. "ಭಯ ಆಗ್ಲಿಲ್ಲ ಅಂದ್ರೆ ಸುಳ್ಳು. ಅಂಗಡಿ ಹೋದ್ರೆ ನಮಗೆ ಬೇರೆ ಗತಿ ಇಲ್ಲ. ಆದ್ರೆ ಆ ಮಗು ಕೂಗಿದ್ದನ್ನ ಕೇಳಿಸ್ಕೊಂಡೂ ಸುಮ್ನಿದ್ರೆ ನಾನು ಓದಿಸಿ ಏನು ಬಂತು?"

ಮೂರು ಮನೆಯವರು ಗಿರಣಿ ಬದಲಿಸಿದರು. ಸಿರಿ ಒಂದು ವಾರ ಕಾಣಲೇ ಇಲ್ಲ. ಎಂಟನೆಯ ದಿನ ಒಂದು ಸೇರು ರಾಗಿ ಹಿಡಿದುಕೊಂಡು ಬಂದಳು. ಬೈರಣ್ಣನ ಮನೆಯಲ್ಲಿ ಮೊದಲು ವಾರಕ್ಕೊಂದೇ ಸಲ, ದೊಡ್ಡ ಡಬ್ಬದಲ್ಲಿ ಬೀಸಿಸುವ ರೂಢಿಯಿತ್ತು. ಈಗ ದಿನ ಬಿಟ್ಟು ದಿನ ಒಂದೊಂದು ಸೇರು ಬರುತ್ತದೆ. ಕಳಿಸುವವನು ಬೈರಣ್ಣನೇ, ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೇ. ಕೆದಕಿ ಕೇಳಿದರೆ ಮಚ್ಚು ಕೆಳಗಿಟ್ಟು ಹೇಳುತ್ತಾನೆ, "ಮನೇಲಿ ಉಸಿರೇ ಎತ್ತಿರ್ಲಿಲ್ಲ ಮೇಡಂ ಅವಳು. ಕರೆಂಟ್ ಹೋಗ್ದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ. ಸಂಬಂಧ ಬೇಡ ಅಂತ ಭಾಮೈದನಿಗೆ ಹೇಳ್ಬಿಟ್ಟೆ. ಆದ್ರೂ ರೋಡಲ್ಲಿ ಮರ್ಯಾದೆ ಕಳೆದ್ಲು ನೋಡಿ!"

ಸಿರಿ ಈಗ ಹತ್ತನೇ ಕ್ಲಾಸಿನ ಪರೀಕ್ಷೆಗೆ ಓದುತ್ತಿದ್ದಾಳೆ. ಬಸವಲಿಂಗಮ್ಮನಿಗೆ ಒಂದು ಬೋರ್ಡಿನ ಆಸೆ. 'ಇಲ್ಲಿ ರಾಗಿ, ಗೋಧಿ ಬೀಸಲಾಗುವುದು, ಹೆಣ್ಣುಮಕ್ಕಳಿಗೆ ಓದು ಕಲಿಸಲಾಗುವುದು' ಎಂದು ಹುಡುಗಿಯರ ಕೈಯಲ್ಲೇ ಬರೆಸಬೇಕಂತೆ. ಗುರುಶಾಂತಪ್ಪನವರ ಸಿಟ್ಟು ಇನ್ನೂ ಇಳಿದಿಲ್ಲ. ಖಾಲಿ ಮಾಡಿಸಿದರೆ ಏನು ಗತಿ ಎಂದು ಕೇಳಿದರೆ, "ಫುಟ್‌ಪಾತ್ ಮೇಲೆ ಕೂರಿಸ್ತೀನಿ, ಅಲ್ಲಿ ಇನ್ನೂ ಚೆನ್ನಾಗಿ ಕೇಳ್ಸುತ್ತೆ," ಎನ್ನುತ್ತಾರೆ.

ಗಂಟೆ ನಾಲ್ಕಾಗುತ್ತದೆ. ಬಸವಲಿಂಗಮ್ಮ ಕೈ ಒರೆಸಿಕೊಂಡು ಸ್ವಿಚ್ ಆಫ್ ಮಾಡುತ್ತಾರೆ. ಕಲ್ಲು ಗೊರಗೊರ ಎಂದು ನಿಲ್ಲುತ್ತದೆ. ಕರೆಂಟು ಹೋದ ಆ ಸಂಜೆಯ ಮಾರನೆಯ ದಿನದಿಂದ ಇದೇ ಪದ್ಧತಿ. ಸಿರಿ ಎದ್ದು ನಿಂತು, ಕಣ್ಣು ತೆರೆದುಕೊಂಡೇ ಓದಲು ಶುರುಮಾಡುತ್ತಾಳೆ. ಅವಳ ದನಿ ಸೊಪ್ಪಿನ ಗಾಡಿಗಳನ್ನು ದಾಟಿ ಓಣಿಯ ತುದಿಗೆ ಹೋಗುತ್ತದೆ. ಮೇಲಿನ ಮಹಡಿಯಿಂದ ಗುರುಶಾಂತಪ್ಪ ಬಗ್ಗಿ ನೋಡಿ, "ಏನ್ರೀ, ನಿಲ್ಲಿಸ್ತೀನಿ ಅಂದಿದ್ರಲ್ಲ?" ಎಂದು ಮತ್ತೆ ರೇಗುತ್ತಾರೆ.

ಬಸವಲಿಂಗಮ್ಮ ತಲೆಯೆತ್ತಿ, ಗಿರಣಿ ನಡೆಯುವಾಗ ಮಾತಾಡುವಷ್ಟೇ ಜೋರಾಗಿ ಹೇಳುತ್ತಾರೆ.

"ನಿಲ್ಸಿದೀನಲ್ಲಾ ಸಾರ್, ಮಿಷನ್ನ! ಕೆಳಗ್ ಬನ್ನಿ, ಹುಡುಗಿ ಓದ್ತಾ ಇದಾಳೆ, ಕೂತ್ಕೊಂಡು ಕೇಳಿ."