ಅತ್ತೆಯ ಮೂರು ಒದೆ ಮತ್ತು ನನ್ನ ಡಿಸ್ಕ್

ನನ್ನ ಬೆನ್ನು ಹೇಗೆ ವಾಸಿಯಾಯಿತು ಎಂದು ಕೊತ್ತತ್ತಿಯಲ್ಲಿ ಯಾರನ್ನಾದರೂ ಕೇಳಿ. ಚಿಕ್ಕತಾಯಮ್ಮ ಮೂರು ಸಲ ಒದ್ದಳು, ಹುಡುಗಿ ಎದ್ದು ನಿಂತಳು ಎನ್ನುತ್ತಾರೆ. ಚಿಕ್ಕತಾಯಮ್ಮ ಅಂದರೆ ಅಪ್ಪನ ಅಕ್ಕ, ನನ್ನ ಸೋದರತ್ತೆ. ಹುಟ್ಟುವಾಗ ಅವಳ ಕಾಲು ಮೊದಲು ಹೊರಬಂದಿತಂತೆ. ಅಂಥವರು ಒದ್ದರೆ ಸೊಂಟದ ಉಳುಕು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ.

ಈ ಕಥೆಯಲ್ಲಿ ಎರಡು ತಪ್ಪುಗಳಿವೆ. ನನಗಾದದ್ದು ಉಳುಕಲ್ಲ. ಇನ್ನು, ಒದೆ ಬಿದ್ದದ್ದು ಮೂರನೇ ದಿನ, ನಾನು ನೆಟ್ಟಗೆ ನಿಂತದ್ದು ಮೂರನೇ ತಿಂಗಳು. ನಡುವೆ ಏನಾಯಿತು ಎಂಬುದನ್ನು ಯಾರೂ ಹೇಳುವುದಿಲ್ಲ.

ಶುರುವಿನಲ್ಲಿ ನೋವೇ ಇರಲಿಲ್ಲ. ಮಂಡ್ಯದ ನಮ್ಮ ಜಿಮ್‌ನಲ್ಲಿ ಡೆಡ್‌ಲಿಫ್ಟ್, ಅಂದರೆ ನೆಲದ ಮೇಲಿನ ಬಾರನ್ನು ಸೊಂಟದ ಮಟ್ಟಕ್ಕೆ ಎತ್ತುವುದು, ನೂರು ಕೆಜಿ ಎತ್ತಿದೆ. ಬಾರ್ ಮಂಡಿ ದಾಟಿತು. ಬೆನ್ನು ಬಿಲ್ಲಾಯಿತು. ಇಳಿಸಿದೆ. ಸೊಂಟದೊಳಗೆ ಯಾರೋ ಬಟ್ಟೆ ಹಿಂಡಿದ ಹಾಗಾಯಿತು, ಅಷ್ಟೆ. ಮಾರನೇ ಬೆಳಿಗ್ಗೆ ಮುಖ ತೊಳೆಯಲು ಬಗ್ಗಿದೆ.

ಏಳಲು ಆಗಲಿಲ್ಲ.

ಎಂಆರ್‌ಐ ಮಾಡಿಸಿದೆವು. ಬೆನ್ನೆಲುಬಿನ ಬುಡದ ಎಲ್5-ಎಸ್1 ಡಿಸ್ಕ್ ಉಬ್ಬಿ ನರವನ್ನು ಒತ್ತುತ್ತಿತ್ತು. ಎಡ ಮೀನಖಂಡ ಮರಗಟ್ಟಿತ್ತು. ಡಾಕ್ಟರ್ ಫಿಲ್ಮನ್ನು ಬೆಳಕಿಗೆ ಹಿಡಿದು, ಆಪರೇಷನ್ ಈಗಲೇ ಬೇಡ, ಆರು ವಾರ ನೋಡೋಣ, ಕಾಲು ಬಲ ಕಳೆದುಕೊಂಡರೆ ಅಥವಾ ಮೂತ್ರ ಕಟ್ಟಿದರೆ ಮಾತ್ರ ಒಂದು ಗಳಿಗೆಯೂ ಕಾಯಬೇಡಿ ಎಂದರು.

"ಮತ್ತೆ ಭಾರ ಎತ್ತಬಹುದಾ ಸರ್?" ಎಂದೆ. ಮಳವಳ್ಳಿಯ ಸ್ಪರ್ಧೆಗೆ ಹೆಸರು ಕೊಟ್ಟಿದ್ದೆ.

"ಮೊದ್ಲು ಚಪ್ಪಲಿ ಎತ್ತಮ್ಮ. ಆಮೇಲೆ ಮಾತಾಡಣ."

ಅಪ್ಪ ಡೆಡ್‌ಲಿಫ್ಟನ್ನು ಬೈದರು. ಅವ್ವ ಜಿಮ್ಮನ್ನು ಬೈದಳು. ತಪ್ಪು ಎಲ್ಲಿತ್ತು ಎಂದು ನನಗೊಬ್ಬಳಿಗೆ ಗೊತ್ತಿತ್ತು. ಕೋಚ್ ತಿಂಗಳುಗಟ್ಟಲೆ ಒಂದು ಪಟ್ಟಿ ಹಿಡಿದು ನನ್ನ ಹಿಂದೆ ಬಿದ್ದಿದ್ದರು: ಹಿಪ್ ಬ್ರಿಡ್ಜ್, ಒಂದೊಂದೇ ಕಾಲಿನ ಸ್ಪ್ಲಿಟ್ ಸ್ಕ್ವಾಟ್, ಹಗುರ ತೂಕದ ರೊಮೇನಿಯನ್ ಡೆಡ್‌ಲಿಫ್ಟ್, ಪ್ಲ್ಯಾಂಕ್. ದೊಡ್ಡ ಲಿಫ್ಟ್‌ಗಳಿಗೆ ಆಸರೆಯಾಗುವ ಸಣ್ಣ ವ್ಯಾಯಾಮಗಳು. ನಾನು ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ಕಪ್ ಗೆದ್ದವಳು, ಸುಮ್ಮನೆ ಒಪ್ಪುತ್ತೇನೆಯೇ? ಭಾರ ಹೊತ್ತು ಕೂತು ಏಳುವ ಸ್ಕ್ವಾಟ್ ಬಲವಾಗಬೇಕಾದರೆ ಸ್ಕ್ವಾಟ್ ಮಾಡಬೇಕು, ಇವೆಲ್ಲ ಉಪ್ಪಿನಕಾಯಿ, ಊಟವಲ್ಲ ಎಂದು ಇಡೀ ಜಿಮ್‌ನ ಎದುರು ಐದು ನಿಮಿಷ ವಾದಿಸಿದೆ. ಹುಡುಗರು ಚಪ್ಪಾಳೆ ತಟ್ಟಿದರು. "ಆಯ್ತು ಬುಡಮ್ಮ, ನಿಂದೇ ಗೆಲುವು" ಎಂದು ಕೋಚ್ ಪಟ್ಟಿ ಮಡಚಿ ಜೇಬಿಗಿಟ್ಟರು.

ಹೌದು, ಗೆದ್ದೆ.

ಮೂರನೇ ದಿನ ಅತ್ತೆ ಕೊತ್ತತ್ತಿಯಿಂದ ಬಸ್ಸು ಹತ್ತಿ ನಮ್ಮ ಮನೆಗೆ ಬಂದಳು. ಚೀಲ ಕೆಳಗಿಡುವ ಮೊದಲೇ ಸೆರಗು ಸಿಕ್ಕಿಸಿದಳು.

"ಏಳಮ್ಮಿ ಮ್ಯಾಲಕ್ಕೆ. ಮೂರೇ ಒದೆ."

"ಇದಕ್ಕೆ ಏನ್ ಆಧಾರ ಅತ್ತೆ?"

"ನಿಂತ್ಕಳಾಕೇ ಆಯ್ತಿಲ್ಲ, ಆಧಾರ ಕೇಳ್ತಾಳೆ! ಗೋಡೆ ಇಡ್ಕಳೇ ಸುಮ್ಕೆ."

ಹಿಡಿದುಕೊಂಡೆ. ವಾದ ಸೋತು ಅಲ್ಲ. ಅವಳು ಅಳುತ್ತಿದ್ದಳು. ತಲೆಗೆ ಎಣ್ಣೆ ಹಚ್ಚುವಷ್ಟು ಮೆತ್ತಗೆ ಅವಳ ಪಾದ ಮೂರು ಸಲ ಸೊಂಟಕ್ಕೆ ತಾಕಿತು. ನೋವು ಇದ್ದಲ್ಲೇ ಇತ್ತು. ನಾನು ಮಾತ್ರ "ಸ್ವಲ್ಪ ಕಮ್ಮಿ ಆದಂಗದೆ" ಎಂದೆ. ಊರಿಗೆ ಹೋದ ಸುದ್ದಿಯ ಮೂಲ ಈ ಒಂದು ಸುಳ್ಳು. ಅದಕ್ಕೆ ನಾನೇ ಹೊಣೆ.

ಮದ್ದೂರಿನಲ್ಲಿ ಆಟಗಾರರನ್ನು ನೋಡುವ ಫಿಸಿಯೋ ಒಬ್ಬರಿದ್ದರು. ಕೂತರೆ ನೋವೆಂದು ಬಸ್ಸಿನಲ್ಲಿ ನಿಂತೇ ಹೋಗುತ್ತಿದ್ದೆ. ಯಾರಾದರೂ ಸೀಟು ಬಿಟ್ಟುಕೊಟ್ಟರೆ ಅತ್ತೆ ಅವರ ಮೇಲೇ ರೇಗುತ್ತಿದ್ದಳು: "ಅವ್ಳು ಕೂರಂಗಿಲ್ಲ ಕಣಪ್ಪ, ನೀನೇ ಕೂತ್ಕೊ!" ನೋವು ತುಸು ಇಳಿದ ಮೇಲೆ ಫಿಸಿಯೋ ಒಂದು ಹಾಳೆಯಲ್ಲಿ ವ್ಯಾಯಾಮಗಳನ್ನು ಬರೆದುಕೊಟ್ಟರು. ಓದಿದೆ.

ಕೋಚ್ ಜೇಬಿಗಿಟ್ಟಿದ್ದ ಅದೇ ಪಟ್ಟಿ.

ತೂಕ ಮಾತ್ರ ಇರಲಿಲ್ಲ. ಅತ್ತೆ ನಾಲ್ಕು ತಿಂಗಳು ಊರಿಗೆ ಹೋಗಲಿಲ್ಲ. ದಿನಾ ಬೆಳಿಗ್ಗೆ ನಾನು ಚಾಪೆಯ ಮೇಲೆ ಅಂಗಾತ ಮಲಗಿ ಸೊಂಟ ಎತ್ತುತ್ತಿದ್ದೆ, ಅವಳು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ಎಣಿಸುತ್ತಿದ್ದಳು. ಹತ್ತಕ್ಕೊಂದು ಕಾಳು ಬದಿಗೆ. ಅರ್ಧ ಎತ್ತಿದರೆ ಲೆಕ್ಕಕ್ಕಿಲ್ಲ.

"ಒಂಬತ್ತು."

"ಹತ್ತಾಯ್ತು ಅತ್ತೆ."

"ನೀನ್ ಭಾಷಣ ಮಾಡಿದ್ದ ನಾ ಎಣ್ಸಲ್ಲ. ಎತ್ತಮ್ಮಿ."

ಮೊದಲು ಚಪ್ಪಲಿ ಎತ್ತಿದೆ. ಆಮೇಲೆ ನೀರಿನ ಕೊಡ. ಬೆನ್ನು ಬಗ್ಗಿಸದೆ ಸೊಂಟದಿಂದ ಬಾಗುವುದನ್ನು ಹೊಸದಾಗಿ ಕಲಿತೆ. ಒಂದು ಕಾಲಿನ ಮೇಲೆ ಕೂತು ಏಳುವಾಗ ಎಡಗಾಲು ಗಡಗಡ ನಡುಗುತ್ತಿತ್ತು. ಇಷ್ಟು ದಿನ ಬಲಗಾಲೇ ಎಲ್ಲ ಹೊತ್ತಿತ್ತು, ಭಾರೀ ಸ್ಕ್ವಾಟ್ ಅದನ್ನು ನನಗೆ ಒಮ್ಮೆಯೂ ತೋರಿಸಿರಲಿಲ್ಲ. ಆದರೂ ವ್ಯಾಯಾಮಕ್ಕೆ ಪೂರ್ತಿ ಅಂಕ ಕೊಡಲಾರೆ. ಡಿಸ್ಕ್ ಎಷ್ಟೋ ಜನರಿಗೆ ಕಾಲ ಕಳೆದಂತೆ ತಾನೇ ತಣ್ಣಗಾಗುತ್ತದೆ ಎಂದು ಡಾಕ್ಟರೇ ಹೇಳಿದರು. ವಾಸಿ ಮಾಡಿದ್ದು ಕಾಲವೋ ಕಸರತ್ತೋ, ಬಿಡಿಸಿ ಹೇಳಲು ನನ್ನಲ್ಲಿ ಇನ್ನೊಂದು ಬೆನ್ನಿಲ್ಲ. ದಿನಾ ಚಾಪೆ ಹಾಸುವಂತೆ ಮಾಡಿದ್ದು ಯಾರು ಎಂಬುದರಲ್ಲಿ ಅನುಮಾನವಿಲ್ಲ.

ಮಳವಳ್ಳಿಯ ಸ್ಪರ್ಧೆ ನಾನಿಲ್ಲದೆ ನಡೆದು ಮುಗಿಯಿತು. ಕಳೆದ ತಿಂಗಳು ಜಿಮ್‌ಗೆ ಹೋದೆ. ಕೋಚ್ ಬಾರ್‌ಗೆ ನಲವತ್ತು ಕೆಜಿ ಹಾಕಿದರು, ಒಂದು ಮಾತಿನಲ್ಲೂ ಚುಚ್ಚಲಿಲ್ಲ. ಎತ್ತಿದೆ. ಕಾಲು ಜುಮ್ಮೆನ್ನಲಿಲ್ಲ. ಮತ್ತೆ ನೂರು ಎತ್ತುತ್ತೇನೋ ಗೊತ್ತಿಲ್ಲ. ಸದ್ಯಕ್ಕೆ ಇಷ್ಟೇ ದೊಡ್ಡದು.

ಮನೆಗೆ ಬಂದು ಖುಷಿಯಲ್ಲಿ ಅತ್ತೆಯ ಕೈ ಹಿಡಿದು ಎಳೆದೆ. "ಬಾ, ನೀನೂ ಒಂದ್ ಸಲ ಕೂತು ಏಳು, ನಾನ್ ಎಣಿಸ್ತೀನಿ."

"ಓಗಮ್ಮಿ, ಈ ವಯಸ್ನಾಗೆ ಎಂತದು" ಎಂದು ನಗುತ್ತಲೇ ಒಂದು ಕಾಲು ಮುಂದಿಟ್ಟಳು. ಅರ್ಧಕ್ಕೆ ಹೋಗುವಷ್ಟರಲ್ಲಿ ಮುಖ ಬಿಳಿಚಿತು. ಬಾಗಿಲ ಚೌಕಟ್ಟು ಹಿಡಿದು ನೆಲಕ್ಕೆ ಕುಸಿದಳು. ಕೈ ಸೊಂಟದಿಂದ ತೊಡೆಯ ಹಿಂದೆ, ಅಲ್ಲಿಂದ ಮೀನಖಂಡಕ್ಕೆ ಇಳಿಯಿತು. ಆ ದಾರಿ ನನಗೆ ಚೆನ್ನಾಗಿ ಗೊತ್ತು.

"ಎಷ್ಟು ದಿನದಿಂದ?"

"ದಿನ ಏನ್ ಬಂತು. ನಾಕೈದ್ ವರ್ಸ ಆಗಿರ್ಬೈದು. ನಿಮ್ಮಪ್ಪಂಗೆ ಏಳ್ಬ್ಯಾಡ."

ನಾಳೆ ಮದ್ದೂರಿಗೆ ಹೋಗೋಣ ಎಂದೆ. ಬೇಡವೆಂದಳು. ಬೇಕೆನ್ನುವುದಕ್ಕೆ ನನ್ನ ಬಳಿ ಹತ್ತು ಕಾರಣಗಳಿದ್ದವು. ಒಂದನ್ನೂ ಹೇಳಲಿಲ್ಲ. ಪಕ್ಕದಲ್ಲಿ ಕೂತು ಅವಳ ಕಾಲನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಇಷ್ಟೇ ಕೇಳಿದೆ:

"ಅತ್ತೆ, ಊರೋರೆಲ್ಲ ಸೊಂಟ ಹಿಡ್ಕೊಂಡು ನಿನ್ನ ಹತ್ರ ಬಂದ್ರು. ನಿಂಗೆ ನೋವು ಬಂದಾಗ ನೀನು ಯಾರ ಹತ್ರ ಹೋಗಿದ್ದೆ?"