ಹದಿನಾಲ್ಕನೆಯ ಸಾಲು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಆಗ ಗಂಟೆ ಎಷ್ಟಾಗಿತ್ತು? ಹೆಚ್ಚಿನವರು ತಡವರಿಸುತ್ತಿದ್ದರು. ಅಲ್ಲಿಗೆ ನನ್ನ ನಂಬಿಕೆಯೂ ಮುಗಿಯುತ್ತಿತ್ತು. ಈಗ ನಾನೇ ಹೇಳಬೇಕಾಗಿ ಬಂದಿದೆ. ಗಂಟೆ, ನಿಮಿಷ ಎರಡೂ ನನ್ನ ಬಳಿ ಇವೆ. ಕಷ್ಟ ಇರುವುದೇ ಅಲ್ಲಿ.

ಕಲಬುರಗಿಯ ಸೇಡಂ ರಸ್ತೆಯ ಅಂಗಡಿಯೊಂದರಲ್ಲಿ ನಾನು ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಒಂದೊಂದು ಯಂತ್ರಕ್ಕೆ ಏನೇನು ಮಾಡಿದೆ ಎಂಬುದನ್ನು ಸಂಖ್ಯೆ, ಸಮಯ, ಫಲಿತಾಂಶದ ಸಮೇತ ದಿನಚರಿಯಲ್ಲಿ ಬರೆದಿಡುತ್ತೇನೆ.

ಮೂರು ವರ್ಷದ ಹಿಂದೆ, ಒಂದು ಮಂಗಳವಾರ, ಕಮಲಾಪುರದಿಂದ ಫೋನ್ ಬಂತು. ನೀಲಮ್ಮ ಅಕ್ಕೋರು ಬ್ರಹ್ಮಪುರದ ಶಾಲೆಯಲ್ಲಿ ನನಗೆ ಅಕ್ಷರ ಕಲಿಸಿದವರು. ನಿವೃತ್ತರಾಗಿ ಗಂಡ ಬಸಣ್ಣನವರೊಂದಿಗೆ ಕಮಲಾಪುರದಲ್ಲಿದ್ದರು. ಅಕ್ಕೋರಿಗೆ ಗಂಟಲಿನ ಕ್ಯಾನ್ಸರ್‌ನ ಆಪರೇಷನ್ ಆಗಿ, ವೈದ್ಯರು ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಟ್ಟಿದ್ದರು. ಅದಕ್ಕೂ ಮೊದಲು ಇಪ್ಪತ್ತು ದಿನ ಕೂತು ಅಕ್ಕೋರು ದಿನಬಳಕೆಯ ಆರುನೂರ ಹನ್ನೆರಡು ಮಾತುಗಳನ್ನು ರೆಕಾರ್ಡ್ ಮಾಡಿಟ್ಟಿದ್ದರು. ಮೊದಲ ಎರಡಕ್ಷರ ಒತ್ತಿದರೆ ಕಂಪ್ಯೂಟರ್ ಆ ಮಾತನ್ನು ಅವರದೇ ದನಿಯಲ್ಲಿ ಆಡುತ್ತಿತ್ತು. ಹಿಂದಿನ ದಿನ ಸಿಸ್ಟಮ್ ಅಪ್‌ಡೇಟ್ ಅರ್ಧಕ್ಕೇ ನಿಂತು, ಆ ಪ್ರೋಗ್ರಾಂ ತೆರೆಯದಂತಾಗಿತ್ತು. ಸಾಮಾನು ತೆಗೆದುಕೊಂಡು ಅವರ ಮನೆಗೆ ಹೋದೆ.

"ಅಪ್‌ಡೇಟ್ ಮಾಡ್ಲೇನು ಅಂತ ಅದು ಕೇಳ್ತು, ನಾ ಹೂಂ ಅಂತ ಒತ್ತಿದೆ," ಎಂದರು ಬಸಣ್ಣ. "ನಲವತ್ತು ವರ್ಷದಿಂದ ಎಲ್ಲಾದಕ್ಕೂ ಹೂಂ ಅಂದೇ ಬದುಕೀನಿ, ತಮ್ಮಾ. ಈಗ ಬೈಯೋರಿಲ್ದ ಮನಿ ಭಣಭಣ ಅನ್ನಾಕತ್ತದ."

ಅಕ್ಕೋರು ಪಾಟಿಯ ಮೇಲೆ ಬಳಪದಿಂದ ಬರೆದು ಅವರತ್ತ ತಿರುಗಿಸಿದರು: "ಛಲೋ ಆಗ್ಲಿ, ಎಲ್ಲಾ ಕೂಡಿಸಿ ಬೈತೀನಿ." ಬಸಣ್ಣ ನಕ್ಕರು. ಅಕ್ಕೋರು ನಗಲಿಲ್ಲ.

"ಈ ಮಾತಿಂದು ಇನ್ನೊಂದು ಕಾಪಿ ಅದ ಏನ್ರೀ?" ಎಂದು ಕೇಳಿದೆ. ಬಸಣ್ಣ ಪರದೆಯ ಮೇಲಿದ್ದ 'ದನಿ' ಎಂಬ ಫೋಲ್ಡರ್ ತೋರಿಸಿದರು. ನಾನು ಅದನ್ನು ತೆರೆದು ನೋಡಲಿಲ್ಲ. ನನ್ನ ತಪ್ಪು ಇದು.

ಮಧ್ಯಾಹ್ನ ಎರಡರಿಂದ ಹದಿಮೂರು ಪ್ರಯತ್ನ ಮಾಡಿದೆ. ಅಪ್‌ಡೇಟ್ ಹಿಂದಕ್ಕೆ ತೆಗೆದೆ, ಮತ್ತೆ ಹಾಕಿದೆ, ಕೆಟ್ಟ ಫೈಲುಗಳನ್ನು ಬದಲಿಸಿದೆ. ಉಳಿದದ್ದು ಒಂದೇ ದಾರಿ: ಪ್ರೋಗ್ರಾಂ ಪೂರ್ತಿ ತೆಗೆದುಹಾಕಿ ಹೊಸದಾಗಿ ಹಾಕುವುದು. ೪:೪೦ಕ್ಕೆ ಹದಿಮೂರನೆಯದು ಸೋತಿತೆಂದು ಬರೆದು, ಪೆನ್ನು ಜೇಬಿಗೆ ಸಿಕ್ಕಿಸಿ, ಹಿತ್ತಲಿಗೆ ಹೋಗಿ ಮುಖ ತೊಳೆದು ಬಂದೆ.

ಬಂದು ದಿನಚರಿ ನೋಡಿದರೆ ಹದಿಮೂರರ ಕೆಳಗೆ ಇನ್ನೊಂದು ಸಾಲು ಇತ್ತು.

"೧೪. ೫:೦೫. ಪ್ರೋಗ್ರಾಂ ತೆಗೆದುಹಾಕಿದೆ. ದನಿಗಳೆಲ್ಲ ಹೋದವು."

ಗೋಡೆ ಗಡಿಯಾರದಲ್ಲಿ ೪:೪೮. ನನ್ನ ಫೋನಿನಲ್ಲೂ ಅಷ್ಟೇ. ಪ್ರೋಗ್ರಾಂ ಇನ್ನೂ ಕಂಪ್ಯೂಟರಿನಲ್ಲೇ ಇತ್ತು.

"ಯಾಕ ತಮ್ಮಾ, ಮಾರಿ ಹಂಗ್ಯಾಕ ಆತು?" ಎಂದರು ಬಸಣ್ಣ, ನನ್ನ ಮುಖ ನೋಡಿ.

"ಈ ಪುಸ್ತಕ ಯಾರರ ಮುಟ್ಟೀರೇನ್ರೀ?"

"ನಾ ಯಾಕ ಮುಟ್ಲಿ? ಇಲ್ಲೇ ತೊಗರಿ ಹಸನ ಮಾಡಾಕತ್ತೀನಿ. ಆಕೀನೂ ಎದ್ದಿಲ್ಲ."

ಅಕ್ಕೋರು ಕೈಚಾಚಿ ದಿನಚರಿ ಇಸಿದುಕೊಂಡರು. ಆ ಸಾಲು ಓದಿ ಪಾಟಿಯ ಮೇಲೆ ಬರೆದರು: "ನಿನ್ನ ಅಕ್ಷರನೇ ಅದ." ಅದನ್ನು ಒರೆಸಿ ಮತ್ತೆ ಬರೆದರು: "ಇನ್ನೂ ತೆಗೆದಿಲ್ಲ ಹೌದಲ್ಲೋ?" ತೆಗೆದಿಲ್ಲವೆಂದು ತಲೆಯಾಡಿಸಿದೆ.

ಆಗ 'ದನಿ' ಫೋಲ್ಡರ್ ತೆರೆದೆ. ಅದರಲ್ಲಿ ಇದ್ದವು ಬರೀ ಹೆಸರುಗಳು. ಯಾವುದನ್ನು ಒತ್ತಿದರೂ ಸದ್ದಿಲ್ಲ. ನಿಜವಾದ ರೆಕಾರ್ಡಿಂಗ್‌ಗಳು ಪ್ರೋಗ್ರಾಮಿನ ಒಳಗೇ ಇದ್ದವು. ಅದನ್ನು ತೆಗೆದಿದ್ದರೆ ಅವೂ ಅಳಿಸಿಹೋಗುತ್ತಿದ್ದವು. ಹುಡುಕಿ, ಪೆನ್‌ಡ್ರೈವಿಗೆ ನಕಲು ಮಾಡಿ, ಎಣಿಸಿದೆ. ಆರುನೂರ ಹನ್ನೆರಡು. ಎರಡನೇ ಸಲ ಎಣಿಸಿದ ಮೇಲೆಯೇ ತೆಗೆದುಹಾಕುವ ಗುಂಡಿ ಒತ್ತಿದೆ. ಒತ್ತಿ ತಲೆಯೆತ್ತಿದಾಗ ಗೋಡೆಯ ಗಡಿಯಾರದಲ್ಲಿ ಐದು ಗಂಟೆ ಐದು ನಿಮಿಷ.

ಹೊಸದಾಗಿ ಹಾಕಿ, ರೆಕಾರ್ಡಿಂಗ್‌ಗಳನ್ನು ಹಿಂದಿರುಗಿಸುವಷ್ಟರಲ್ಲಿ ಆರಾಯಿತು. ಅಕ್ಕೋರು ಎರಡಕ್ಷರ ಒತ್ತಿದರು. "ಎಷ್ಟೊತ್ತು ಕುಂಡ್ರತಿ, ಏಳು, ಊಟಕ್ಕ ಬಾ," ಎಂದಿತು ಕಂಪ್ಯೂಟರ್, ಶಾಲೆಯಲ್ಲಿ ನಾನು ಕೇಳಿದ್ದ ಅದೇ ದನಿಯಲ್ಲಿ.

"ಚಾಲೂ ಆತು ನೋಡು ರೇಡಿಯೋ," ಎಂದು ಬಸಣ್ಣ ಟವೆಲಿನಿಂದ ಮುಖ ಒರೆಸಿಕೊಂಡರು.

ಆ ಪುಟ ಈಗಲೂ ನನ್ನ ಬಳಿ ಇದೆ. ಭಯದಲ್ಲಿ ನನಗರಿವಿಲ್ಲದೆ ನಾನೇ ಬರೆದಿರಬಹುದೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಇರಬಹುದು. ಆದರೆ ಆಗ ನನಗೆ ಭಯವೇ ಇರಲಿಲ್ಲ, ಫೋಲ್ಡರಿನಲ್ಲಿ ನಕಲು ಇದೆ ಎಂದೇ ನಂಬಿದ್ದೆ. ನಾನೇ ಬರೆದೆನೆಂದು ಇಟ್ಟುಕೊಂಡರೂ, ಗುಂಡಿ ಒತ್ತಲಿದ್ದ ಆ ೫:೦೫ ಹದಿನೇಳು ನಿಮಿಷ ಮೊದಲೇ ನನಗೆ ಹೇಗೆ ಗೊತ್ತಾಯಿತು?

ಅದನ್ನು ಎಚ್ಚರಿಕೆ ಎಂದು ಕೆಲವರು ಹೇಳಿದರು. ಓದಿದರೆ ಹಾಗೆ ಅನ್ನಿಸುವುದಿಲ್ಲ. 'ತೆಗೆಯಬೇಡ' ಎಂದು ಅಲ್ಲಿಲ್ಲ, 'ತೆಗೆದುಹಾಕಿದೆ' ಎಂದಿದೆ. ನಾನು ಮಾಡಿದ ಮೇಲಷ್ಟೇ ಬರೆಯುವವನು. ಹಾಗಾದರೆ ಎಲ್ಲೋ ಒಂದು ಕಡೆ ನಾನು ಅದನ್ನು ಮಾಡಿಯೇ ಬಿಟ್ಟಿದ್ದೇನೆ. ಅಲ್ಲಿ ಅಕ್ಕೋರು ಎರಡಕ್ಷರ ಒತ್ತಿ, ಏನೂ ಕೇಳಿಸದೆ, ನನ್ನ ಕಡೆ ನೋಡಿರಬೇಕು. ಅವರಿಗೆ ನಾನು ಏನು ಹೇಳಿದೆನೋ, ಗೊತ್ತಿಲ್ಲ.